ಸ್ಲಾಟ್ ಮಷಿನ್ ಮುಂದೆ ಕೂರುವ ಮುನ್ನ

ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. ಹಾಗಾಗಿ ನಮ್ಮವರು ಸ್ಲಾಟ್ ಮಷಿನ್, ಅಂದರೆ ಹಣ ಹಾಕಿ ಗುಂಡಿ ಒತ್ತಿದರೆ ಚಿತ್ರಗಳ ಚಕ್ರ ತಿರುಗುವ ಜೂಜಿನ ಯಂತ್ರ, ನೋಡುವುದು ಹೆಚ್ಚಾಗಿ ಗೋವಾದಲ್ಲಿ. ಅಲ್ಲಿ 1992ರಲ್ಲಿ ಕಾನೂನು ತಿದ್ದಿ ಪಂಚತಾರಾ ಹೋಟೆಲ್‌ಗಳಲ್ಲಿ ಇವಕ್ಕೆ ಅವಕಾಶ ಕೊಟ್ಟರು. ಈಗ ಪಣಜಿಯ ಮಾಂಡೋವಿ ನದಿಯ ಹಡಗುಗಳಲ್ಲೂ ಇವೆ. ಇಷ್ಟು ಮಷಿನ್‌ಗಳಲ್ಲಿ ಯಾವುದನ್ನು ಆರಿಸುವುದು?

ಮೊದಲು ಪಕ್ಕದವರ ಮಾತು ಬಿಡಿ. ‘ಬೆಳಿಗ್ಗೆಯಿಂದ ಇದು ಕೊಟ್ಟೇ ಇಲ್ಲ, ಇನ್ನೇನು ಈಗ ಕೊಟ್ಟೇ ಕೊಡುತ್ತೆ’ ಅನ್ನುತ್ತಾರಲ್ಲ, ಅದು ಸುಳ್ಳು. ಗುಂಡಿ ಒತ್ತಿದಾಗಲೆಲ್ಲ ಒಳಗಿನ ಚಿಪ್ ಹೊಸದಾಗಿ ಅಂಕಿ ಆರಿಸುತ್ತದೆ. ಹಿಂದಿನ ಆಟ ಅದಕ್ಕೆ ಲೆಕ್ಕಕ್ಕಿಲ್ಲ. ಫಲಿತಾಂಶ ಆಗಲೇ ತೀರ್ಮಾನವಾಗಿರುತ್ತದೆ, ಚಕ್ರ ತಿರುಗುವುದು ಸುಮ್ನೆ ತೋರಿಕೆಗೆ. ‘ಒಂದೇ ಚಿತ್ರದಲ್ಲಿ ತಪ್ಪಿತು’ ಎಂದು ಕೊರಗುವುದೂ ಅಷ್ಟೇ ವ್ಯರ್ಥ.

ಆಮೇಲೆ ಪರದೆಯಲ್ಲಿ ಬಹುಮಾನದ ಪಟ್ಟಿ ತೆರೆಯಿರಿ. ದೊಡ್ಡ ಬಹುಮಾನ ಮಾತ್ರ ಭಾರಿಯಾಗಿದ್ದು ಸಣ್ಣವು ತೀರಾ ಕಡಿಮೆ ಇದ್ದರೆ, ಅಂಥ ಮಷಿನ್ ಸಾಮಾನ್ಯವಾಗಿ ಬಹಳ ಹೊತ್ತು ಏನೂ ಕೊಡುವುದಿಲ್ಲ. ಹಲವು ಮಷಿನ್‌ಗಳನ್ನು ಜೋಡಿಸಿ ಬೆಳೆಸುವ ಜಾಕ್‌ಪಾಟ್‌ನಲ್ಲಿ ಇದು ಇನ್ನೂ ಜಾಸ್ತಿ. ಲಾಸ್ ವೇಗಾಸ್‌ನಲ್ಲಿ 2003ರಲ್ಲಿ ಒಬ್ಬರಿಗೆ ಸುಮಾರು 3.97 ಕೋಟಿ ಡಾಲರ್ ಸಿಕ್ಕಿತ್ತು. ಅಷ್ಟು ಹಣ ಕೂಡಿದ್ದು ಸೋತವರ ಜೇಬಿನಿಂದಲೇ ಅಲ್ವಾ? ಸ್ವಲ್ಪ ಹೊತ್ತು ಕೂರಬೇಕೆಂದರೆ ಸಣ್ಣ ಬಹುಮಾನಗಳು ಚೆನ್ನಾಗಿರುವ ಮಷಿನ್ ನೋಡಿ.

ನಿಜವಾದ ಲೆಕ್ಕ ಇರುವುದು ಗಂಟೆಯ ಖರ್ಚಿನಲ್ಲಿ. ‘1 ರೂಪಾಯಿ ಆಟ’ ಎಂದು ಬರೆದಿದ್ದರೂ 40 ಗೆರೆಗಳ (ಚಿತ್ರಗಳು ಹೊಂದಿದರೆ ಬಹುಮಾನ ಬರುವ ಸಾಲುಗಳು) ಮೇಲೆ ತಲಾ ಒಂದೊಂದು ಹಾಕಿದರೆ ಒಂದು ಸುತ್ತಿಗೆ 40 ರೂಪಾಯಿ. ಗಂಟೆಗೆ 500 ಸುತ್ತು ಆಡಿದರೆ 20,000 ರೂಪಾಯಿ ಪಣ. ಮಷಿನ್ 92% ಹಿಂತಿರುಗಿಸುತ್ತದೆ ಎಂದುಕೊಂಡರೂ ಸರಾಸರಿ 1,600 ಹೋಯಿತು. ಆ 92% ಕೂಡ ಲಕ್ಷಾಂತರ ಸುತ್ತುಗಳ ಸರಾಸರಿ, ನಿಮ್ಮ ಸಂಜೆಯದ್ದಲ್ಲ. ಅಮೆರಿಕದ ನೆವಾಡದಲ್ಲಿ ಕಾನೂನು ಕೇಳುವ ಕನಿಷ್ಠ 75% ಮಾತ್ರ. ಅಲ್ಲಿನ ಅಂಕಿಅಂಶ ನೋಡಿದರೆ ಅಗ್ಗದ ಮಷಿನ್‌ಗಳೇ ಹೆಚ್ಚು ಪಾಲು ಉಳಿಸಿಕೊಳ್ಳುತ್ತವೆ. ಆದರೂ ನನ್ನ ಓಟು ಅಗ್ಗದ್ದಕ್ಕೇ, ಪಣ ಚಿಕ್ಕದಿದ್ದರೆ ಒಟ್ಟು ನಷ್ಟವೂ ಚಿಕ್ಕದು. ತಾನಾಗಿಯೇ ಸುತ್ತು ಆಡುತ್ತ ಹೋಗುವ ಆಟೊ ಗುಂಡಿ ಮುಟ್ಟಬೇಡಿ, ನಿಧಾನವಾಗಿ ಒತ್ತಿ.

ಇನ್ನೊಂದು, ಸದ್ದಿಗೆ ಮರುಳಾಗಬೇಡಿ. 40 ಹಾಕಿ 15 ಬಂದರೂ ಮಷಿನ್ ಗೆದ್ದಂತೆಯೇ ಹಾಡುತ್ತದೆ. ನೋಡಬೇಕಾದದ್ದು ಮೂಲೆಯಲ್ಲಿರುವ ಬಾಕಿ ಹಣದ ಅಂಕಿ. ಒಳಗೆ ಹೋಗುವಾಗಲೇ ಇಷ್ಟೇ ಎಂದು ನಗದು ಎಣಿಸಿಟ್ಟು, ಎಟಿಎಂ ಕಾರ್ಡನ್ನು ರೂಮಿನಲ್ಲೇ ಬಿಟ್ಟು ಹೋಗಿ. ದೊಡ್ಡದೇನಾದರೂ ಗೆದ್ದರೆ ಆ ಹಣಕ್ಕೆ 30% ಆದಾಯ ತೆರಿಗೆ ಇದೆ. ಸೋತದ್ದನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ.