ಗೇಮಿಂಗ್ ಪಿಸಿಗೆ ದುಬಾರಿ ರ‍್ಯಾಮ್: ಎಲ್ಲಿವರೆಗೆ ದುಡ್ಡು ಹಾಕಬಹುದು

ಎಎಂ5 (ಎಎಂಡಿಯ ರೈಜನ್ 7000, 9000 ಪ್ರೊಸೆಸರ್ ಕೂರುವ ಸಾಕೆಟ್) ಬೋರ್ಡಿನಲ್ಲಿ ಗೇಮಿಂಗ್ ಪಿಸಿ ಕಟ್ಟುವಾಗ ನಾನು ಹಾಕುವುದು 16 ಜಿಬಿಯ ಎರಡು ಸ್ಟಿಕ್ ಇರುವ ಡಿಡಿಆರ್5-6000 ಸಿಎಲ್30 ಕಿಟ್ (6000 ಅಂದರೆ ಸ್ಪೀಡ್, ಸಿಎಲ್ ಅಂದರೆ ಡೇಟಾ ಕೇಳಿದ ಮೇಲೆ ಕಾಯುವ ಕ್ಲಾಕ್ ಸುತ್ತುಗಳು). ಕಾಸಿಗೆ ತಕ್ಕ ಕಜ್ಜಾಯ ಅನ್ನುವುದು ರ‍್ಯಾಮ್ ವಿಷಯದಲ್ಲಿ ಇಲ್ಲಿಯವರೆಗೆ ಮಾತ್ರ ನಿಜ.

ಲೆಕ್ಕ ಸುಲಭ. ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ, ಸ್ಪೀಡಿನಿಂದ ಭಾಗಿಸಿದರೆ ಲೇಟೆನ್ಸಿ (ಕಾಯುವ ಹೊತ್ತು, ಕಡಿಮೆಯಾದಷ್ಟೂ ಒಳ್ಳೆಯದು) ನ್ಯಾನೋಸೆಕೆಂಡಿನಲ್ಲಿ ಸಿಗುತ್ತದೆ. 5200 ಸಿಎಲ್40ಕ್ಕೆ 15.4, 6000 ಸಿಎಲ್36ಕ್ಕೆ 12, 6000 ಸಿಎಲ್30ಕ್ಕೆ 10. ದುಬಾರಿ 7200 ಸಿಎಲ್34 ಬರೀ 9.4ಕ್ಕೆ ಇಳಿಯುತ್ತದೆ, ಅಷ್ಟೇ. ಅದೂ ರೈಜನ್ 7000, 9000 ಸರಣಿಯಲ್ಲಿ ಪೂರ್ತಿ ದಕ್ಕುವುದಿಲ್ಲ. 6000ದವರೆಗೆ ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರ್ ರ‍್ಯಾಮಿನ ಜೊತೆ ಸಮಕ್ಕೆ 3000 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಒಳ್ಳೆಯ ಚಿಪ್ ಆದರೆ 6400ರವರೆಗೂ ತಾಳುತ್ತದೆ. 7200 ಹಾಕಿದರೆ ಕಂಟ್ರೋಲರ್ ಅರ್ಧಕ್ಕೆ, 1800ಕ್ಕೆ ಇಳಿಯುತ್ತದೆ. ಗಳಿಸಿದ್ದು ಅಲ್ಲೇ ಸೋರಿಹೋಗುತ್ತದೆ.

ಕೊಳ್ಳುವ ಮೊದಲು ಆಫ್ಟರ್‌ಬರ್ನರ್ ಓವರ್‌ಲೇ (ಆಟದ ಮೇಲೇ ಜಿಪಿಯು ಬಳಕೆ ತೋರಿಸುವ ತಂತ್ರಾಂಶ) ಹಾಕಿ ನಿಮ್ಮ ಆಟವನ್ನೇ ಆಡಿ ನೋಡಿ. ಜಿಪಿಯು ಬಳಕೆ 97-99%ರಲ್ಲಿ ನಿಂತಿದ್ದರೆ ಗ್ರಾಫಿಕ್ಸ್ ಕಾರ್ಡೇ ತಡೆ. ಯಾವ ರ‍್ಯಾಮೂ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್‌ಗಳು) ಏರಿಸದು. 1440ಪಿ, 4ಕೆಯಲ್ಲಿ ಆಡುವವರಿಗೆ ಸಾಮಾನ್ಯವಾಗಿ ಹೀಗೇ. ಕೌಂಟರ್-ಸ್ಟ್ರೈಕ್ 2, ವ್ಯಾಲೊರಂಟ್ ಥರದ ಆಟವನ್ನು 1080ಪಿ ಲೋ ಸೆಟ್ಟಿಂಗಿನಲ್ಲಿ ಆಡುವಾಗ ಜಿಪಿಯು ಬಳಕೆ ಕೆಳಗೇ ಇರುತ್ತದೆ. ಅಲ್ಲಿ ವೇಗದ ರ‍್ಯಾಮ್ ಸಹಾಯ ಮಾಡುತ್ತದೆ, ಸರಾಸರಿಗಿಂತ ಹೆಚ್ಚಾಗಿ 1% ಲೋನಲ್ಲಿ (ಅತಿ ನಿಧಾನದ 1% ಫ್ರೇಮ್‌ಗಳ ಎಫ್‌ಪಿಎಸ್). ರೈಜನ್ 7 7800ಎಕ್ಸ್3ಡಿಯಲ್ಲಾದರೆ 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಇರುವುದರಿಂದ ಈ ವ್ಯತ್ಯಾಸವೂ ಕುಗ್ಗುತ್ತದೆ. ಅದಕ್ಕೆ ಸಿಎಲ್36 ಅಗ್ಗಕ್ಕೆ ಸಿಕ್ಕರೆ ಯೋಚಿಸದೆ ತಗೊಳ್ಳಿ. ಇದಕ್ಕೆ ತದ್ವಿರುದ್ಧ, ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 8600ಜಿ: ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಓಡಿಸಿದರೆ ರ‍್ಯಾಮೇ ಅದರ ವಿಡಿಯೊ ಮೆಮೊರಿ, ವೇಗಕ್ಕೆ ಹಾಕಿದ ದುಡ್ಡು ನೇರವಾಗಿ ಎಫ್‌ಪಿಎಸ್ ಆಗುತ್ತದೆ.

ಜೋಡಿಸುವಾಗ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟಿಗೆ ಹಾಕಿ, ಲಾಚ್ ಕಟಕ್ಕೆನ್ನುವ ತನಕ ಒತ್ತಿ. ಮೊದಲ ಬೂಟಿನಲ್ಲಿ ಸ್ಕ್ರೀನ್ ಕೆಲವು ನಿಮಿಷ ಕಪ್ಪಾಗಿರುತ್ತದೆ. ಅದು ಮೆಮೊರಿ ಟ್ರೇನಿಂಗ್. ಗಾಬರಿಯಾಗಿ ಪವರ್ ತೆಗೆಯಬೇಡಿ. ಆಮೇಲೆ ಬಯೋಸ್ ಅಪ್‌ಡೇಟ್ ಮಾಡಿ: 2023ರಲ್ಲಿ ಚಿಪ್‌ಗಳು ಸುಟ್ಟ ಮೇಲೆ ಎಎಂಡಿ ಎಸ್‌ಒಸಿ ವೋಲ್ಟೇಜಿಗೆ (ಮೆಮೊರಿ ಕಂಟ್ರೋಲರ್ ಇರುವ ಭಾಗಕ್ಕೆ ಹೋಗುವ ವೋಲ್ಟೇಜ್) 1.3 ವೋಲ್ಟಿನ ಮಿತಿ ಹಾಕಿದೆ, ಹಳೇ ಬಯೋಸಿನಲ್ಲಿ ಆ ಮಿತಿ ಇಲ್ಲ. ಕೊನೆಗೆ ಬಯೋಸಿನಲ್ಲಿ ಎಕ್ಸ್‌ಪೋ (ಕಿಟ್ಟಿನ ಮೇಲೆ ಬರೆದ ವೇಗವನ್ನು ಜಾರಿಮಾಡುವ ಸೆಟ್ಟಿಂಗ್) ಆನ್ ಮಾಡಿ. ಇದನ್ನು ಮರೆತವರ 6000 ಕಿಟ್ 4800ರಲ್ಲೇ ಓಡುತ್ತಿರುತ್ತದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಸ್ಪೀಡ್ ನೋಡಿ. ಝೆನ್‌ಟೈಮಿಂಗ್ಸ್ ಎಂಬ ತಂತ್ರಾಂಶದಲ್ಲಿ ಎಂಸಿಎಲ್‌ಕೆ (ಮೆಮೊರಿ ಕ್ಲಾಕ್), ಯುಸಿಎಲ್‌ಕೆ (ಕಂಟ್ರೋಲರ್ ಕ್ಲಾಕ್) ಎರಡೂ 3000 ಇರಬೇಕು.

ವಿಂಡೋಸ್ ಬೂಟ್ ಆದ ಮಾತ್ರಕ್ಕೆ ರ‍್ಯಾಮ್ ಸರಿಯಿದೆ ಎಂದಲ್ಲ. ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ನಾಲ್ಕು ಪಾಸ್ (ಸುತ್ತು) ಓಡಲು ಬಿಡಿ. ಒಂದೇ ಎರರ್ ಬಂದರೂ ಒಪ್ಪಬೇಡಿ: ಆಟ ನಡುವೆ ಕ್ರ್ಯಾಶ್ ಆಗುವುದು, ಇನ್‌ಸ್ಟಾಲ್ ಫೈಲು ಕೆಡುವುದು ಎಲ್ಲ ಅದರಿಂದಲೇ. ಎಕ್ಸ್‌ಪೋ ಆಫ್ ಮಾಡಿ ಮತ್ತೆ ಓಡಿಸಿ. ಆಗಲೂ ಎರರ್ ಬಂದರೆ ಸ್ಟಿಕ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟದ್ದು ಸಿಕ್ಕರೆ ಇಡೀ ಕಿಟ್ ವಾರಂಟಿಗೆ ಕೊಡಿ. ಎಕ್ಸ್‌ಪೋದಲ್ಲಿ ಮಾತ್ರ ಎರರ್ ಇದ್ದರೆ 5800ಕ್ಕೆ ಇಳಿಸಿ ನೋಡಬಹುದು, ಆದರೆ ಪೂರ್ತಿ ದುಡ್ಡು ಕೊಟ್ಟ ಮೇಲೆ ಬದಲಿ ಕೇಳುವುದೇ ಸರಿ.

ಮುಂದೆ ಇನ್ನೆರಡು ಸ್ಟಿಕ್ ಸೇರಿಸಿದರಾಯಿತು ಎಂದುಕೊಳ್ಳಬೇಡಿ. ರೈಜನ್ 7000ಕ್ಕೆ ನಾಲ್ಕು ಸ್ಟಿಕ್ ಹಾಕಿದರೆ ಎಎಂಡಿ ಭರವಸೆ ಕೊಡುವ ವೇಗ ಬರೀ 3600. 64 ಜಿಬಿ ಬೇಕಿದ್ದರೆ ಮೊದಲೇ 32ರ ಜೋಡಿ ಕೊಳ್ಳಿ. ಆರ್‌ಜಿಬಿ ಸ್ಟಿಕ್ ಆದರೆ ಎತ್ತರ ಅಳೆಯಿರಿ: ನಾಕ್ಟುವಾ ಎನ್‌ಎಚ್-ಡಿ15 ಸಿಪಿಯು ಕೂಲರಿನ ಮುಂದಿನ ಫ್ಯಾನ್ ಕೆಳಗೆ 32 ಮಿ.ಮೀ. ಜಾಗ ಮಾತ್ರ ಇದೆ. ಫ್ಯಾನ್ ಮೇಲೆ ಸರಿಸಿದರೆ ಕೇಸಿನ ಬಾಗಿಲು ಮುಚ್ಚದೇ ಹೋಗಬಹುದು.

ಹಿಂದಿನ ತಲೆಮಾರಿನ ಎಎಂ4 ಬೋರ್ಡಿನಲ್ಲಿ ಡಿಡಿಆರ್4-3200 ಸಿಎಲ್16 ಇರುವವರಿಗೆ ಲೇಟೆನ್ಸಿ ಈಗಲೇ 10 ನ್ಯಾನೋಸೆಕೆಂಡ್ ಇದೆ. ಅದನ್ನು ತೆಗೆದು 3600 ಹಾಕಬೇಡಿ, ಅದೇ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಸೇರಿಸಿ.