ಅಮ್ಮ ಬೇಡ ಅಂದಿದ್ದು ಅಪ್ಪನ ಹತ್ರ ಸಿಗಬಾರ್ದು

ಮೊಮ್ಮಗನಿಗೆ ಆಗಷ್ಟೇ ಮೂರು ತುಂಬಿತ್ತು. ಒಂದು ಸಂಜೆ ಫೋನ್ ಬೇಕು ಅಂತ ಅಮ್ಮನ್ನ ಕೇಳ್ದ, ಅವಳು ಊಟ ಆಗೋವರೆಗೂ ಇಲ್ಲ ಅಂದ್ಳು. ಅಳಲಿಲ್ಲ, ಹಠ ಮಾಡ್ಲಿಲ್ಲ, ಸೀದಾ ಒಳಗೆ ಹೋಗಿ ಅಪ್ಪನ ತೋಳು ಜಗ್ಗಿ ಕಿವಿಯಲ್ಲಿ ಏನೋ ಪಿಸುಗುಟ್ಟಿದ, ಅವನು ಲ್ಯಾಪ್‌ಟಾಪಿಂದ ಕಣ್ಣು ತೆಗೀದೇನೇ ಫೋನ್ ಕೈಗಿಟ್ಟ. ಜೋರಾಗಿ ಕೇಳಿದ್ರೆ ಅಮ್ಮಂಗೆ ಕೇಳ್ಸತ್ತೆ ಅನ್ನೋದು ಆ ವಯಸ್ಸಿಗೇ ಗೊತ್ತಾಗಿತ್ತು ನೋಡಿ. ಆಮೇಲೆ ಗಂಡ ಹೆಂಡ್ತಿ ಜಗಳ, ಅದೂ ಮಗು ಎದುರಿಗೇ.

ಇದರಲ್ಲಿ ಮಗೂದು ಒಂಚೂರೂ ತಪ್ಪಿಲ್ಲ. ಎಲ್ಲಿ ಸಿಗತ್ತೋ ಅಲ್ಲಿ ಕೇಳತ್ತೆ ಅಷ್ಟೇ.

ಹಾಗಾಗಿ ನಾನು ಇಬ್ರಿಗೂ ಹೇಳಿದ್ದು, ಯಾರು ಮೊದಲು ಇಲ್ಲ ಅಂದ್ರೋ ಆ ಹೊತ್ತಿಗೆ ಅವರ ಮಾತೇ ನಡೀಲಿ, ನಿಮಗೆ ಒಪ್ಪಿಗೆ ಆಗ್ದೇ ಇದ್ರೂ ಸರಿ, ಮಗು ಮಲಗಿದ ಮೇಲೆ ಮಾತಾಡ್ಕೊಳ್ಳಿ, ರೂಲ್ ಬದಲಾಯ್ಸೋದೇ ಆದ್ರೆ ಬೇಡ ಅಂದವರೇ ಮರುದಿನ ತಾವಾಗಿ ಹೇಳ್ಲಿ, ಇನ್ನೊಬ್ರು ಮುರಿಯೋದು ಬೇಡ. ರೂಲ್ ಕೂಡ ನಾಲ್ಕೈದು ಸಾಕು, ಅದಕ್ಕಿಂತ ಜಾಸ್ತಿ ಆದ್ರೆ ದೊಡ್ಡವರಿಗೇ ನೆನಪಿರಲ್ಲ. ಹೊಡೆಯೋ ಹಾಗಿಲ್ಲ, ಮಲಗೋ ಹೊತ್ತು ಇದು, ಫೋನ್ ಇಷ್ಟೇ ಹೊತ್ತು, ಈ ತರ. ಇಷ್ಟು ಹೊತ್ತು ಅಂದ್ರೆ ಎಷ್ಟು ಅಂತಾನೇ ನಮ್ಮನೇಲಿ ಎಳೆದಾಟ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋ ಪ್ರಕಾರ 3-4 ವರ್ಷದ ಮಗು ಕೂತು ಸ್ಕ್ರೀನ್ ನೋಡೋದು ದಿನಕ್ಕೆ 1 ಗಂಟೆ ಮೀರಬಾರ್ದು, ಕಮ್ಮಿ ಇದ್ದಷ್ಟೂ ಒಳ್ಳೇದು, ಮತ್ತೆ ನಿದ್ದೆ 10ರಿಂದ 13 ಗಂಟೆ ಬೇಕು. ಇದನ್ನ ಓದಿ ಹೇಳಿದ್ಮೇಲೆ ನಿಂದು ಸರಿ ನಂದು ಸರಿ ಅನ್ನೋ ಮಾತು ಅಲ್ಲಿಗೇ ನಿಂತಿತು.

ಆದ್ರೆ ಒಪ್ಕೊಂಡ ಮೊದಲ ದಿನಗಳೇ ಕಷ್ಟ. ಇಷ್ಟು ದಿನ ಸಿಗ್ತಿದ್ದಿದ್ದು ಸಡನ್ನಾಗಿ ಸಿಗದೇ ಹೋದ್ರೆ ಮಗು ಮೊದಲಿಗಿಂತ ಜೋರಾಗಿ ಅಳತ್ತೆ, ನೆಲಕ್ಕೆ ಬಿದ್ದು ಹೊರಳಾಡತ್ತೆ, ಆಗ ಕರುಳು ಚುರ್ ಅನ್ನತ್ತೆ, ಆದ್ರೂ ಅಲ್ಲೇ ಸೋತು ಕೊಟ್ಬಿಡ್ಬೇಡಿ, ಹತ್ತು ಸಲ ಇಲ್ಲ ಅಂದು ಹನ್ನೊಂದನೇ ಸಲ ಕೊಟ್ರೆ ಹನ್ನೊಂದು ಸಲ ಅಳಬೇಕು ಅಂತಾನೇ ಅದು ಕಲಿಯೋದು. ಬೈಬೇಡಿ, ಪಕ್ಕದಲ್ಲಿ ಕೂತ್ಕೊಳ್ಳಿ, ಬೇಜಾರಾಯ್ತಾ ಕಂದ ಅನ್ನಿ, ಆದ್ರೆ ಫೋನ್ ಮಾತ್ರ ಇಟ್ಟಲ್ಲೇ ಇರ್ಲಿ. ಜ್ವರ ಬಂದ ದಿನ, ಪ್ರಯಾಣದ ದಿನ ಸಡಿಲ ಮಾಡಿ, ಅದನ್ನೂ ಇಬ್ರೂ ಮೊದಲೇ ಮಾತಾಡ್ಕೊಂಡು.

ಇನ್ನು ನಮ್ಮಂಥ ಅಜ್ಜಿ ತಾತಂದಿರು. ನಮ್ಮನ್ನೂ ಕೂರಿಸ್ಕೊಂಡು ಹೇಳಿ, ನಮಗೆ ಗೊತ್ತಿಲ್ದೇ ಇದ್ರೆ ನಾವು ಮುದ್ದಿಗೆ ಕೊಟ್ಟೇ ಕೊಡ್ತೀವಿ. ಈಗ ಅವನು ನನ್ನ ಸೆರಗು ಹಿಡಿದು ಪಿಸುಗುಟ್ಟಿದ್ರೆ ನಾನು ಕೇಳೋದು ಒಂದೇ, "ಅಮ್ಮ ಏನಂದ್ಳು ಪುಟ್ಟ?" ಅಂತ. ಸ್ವಲ್ಪ ಹೊತ್ತು ಸುಮ್ನಿದ್ದು, "ಊಟ ಆದ್ಮೇಲೆ" ಅಂತಾನೆ.