ಎಸ್‌ಟಿಪಿ ಸ್ಲಡ್ಜ್‌ನಿಂದ ಕಸದ ಗುಡ್ಡಕ್ಕೆ ಹೊದಿಕೆ: ನನ್ನ ಅನುಭವ

ಎಸ್‌ಟಿಪಿ ಎಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಅಲ್ಲಿ ಉಳಿಯುವ ಕೆಸರೇ ಸ್ಲಡ್ಜ್. ಅದನ್ನು ಬ್ಯಾಕ್ಟೀರಿಯಾದಿಂದ ಗಟ್ಟಿ ಮಾಡಿ ಕಸದ ಮೇಲೆ ಹೊದಿಸುತ್ತೇನೆ ಎಂದಾಗ ನಮ್ಮ ಸೈಟಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಸುಮ್ನೆ ಸುಣ್ಣ ಕಲಸಿ ಮುಗಿಸಿ ಸರ್ ಎಂದರು. ಈಗ ಎರಡು ಮಳೆಗಾಲ ಕಳೆದಿದೆ. ಹೊದಿಕೆ ಕೊಚ್ಚಿಹೋಗಿಲ್ಲ, ಟಿಪ್ಪರ್‌ಗಳು ಅದರ ಮೇಲೇ ಓಡಾಡುತ್ತಿವೆ.

ದಿನದ ಕಸಕ್ಕೆ 10 ಸೆಂ.ಮೀ. ಹೊದಿಕೆ, ಮಳೆಗಾಲಕ್ಕೆ ಮುಂಚೆ 40ರಿಂದ 65 ಸೆಂ.ಮೀ. ಎನ್ನುತ್ತದೆ 2016ರ ಘನತ್ಯಾಜ್ಯ ನಿಯಮ. ಬೆಂಗಳೂರಿನ ಸುತ್ತಮುತ್ತ ಅಷ್ಟು ಮಣ್ಣು ಎಲ್ಲಿದೆ? ಒಂದು ಟಿಪ್ಪರ್ ಕೆಮ್ಮಣ್ಣಿಗೆ ಏಳೆಂಟು ಸಾವಿರ ಕೊಡುತ್ತಿದ್ದೆವು. ಇನ್ನೊಂದು ಕಡೆ ಸ್ಲಡ್ಜ್ ಸಾಗಿಸಲು ಟನ್ನಿಗೆ ಸಾವಿರದ ಮೇಲೆ ಹೋಗುತ್ತಿತ್ತು.

ಕೆಲವು ಬ್ಯಾಕ್ಟೀರಿಯಾ ಯೂರಿಯಾ ಒಡೆದಾಗ ಕಾರ್ಬೊನೇಟ್ ಹುಟ್ಟುತ್ತದೆ, ಅದು ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದಕಲ್ಲಾಗಿ ಸ್ಲಡ್ಜನ್ನು ಬೆಸೆಯುತ್ತದೆ. ಮೊದಲು ಎಲ್ಲರ ಹಾಗೆ ಅಂಥದೇ ಒಂದು ಬ್ಯಾಕ್ಟೀರಿಯಾ, ಸ್ಪೋರೋಸಾರ್ಸಿನಾ ಪಾಶ್ಚರೈ ತರಿಸಿ, ಅದರ ಆಹಾರವಾಗಿ ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಹಾಕಿ ಬೆಳೆಸಿದೆವು. ಬರೀ ಅದಕ್ಕೇ ಲಕ್ಷದ ಹತ್ತಿರ ಖರ್ಚು. ಸ್ಲಡ್ಜಿಗೆ ಇಳಿಸಿದ ಮೇಲೆ ಅಲ್ಲಿ ಮೊದಲೇ ತುಂಬಿಕೊಂಡಿದ್ದ ಬ್ಯಾಕ್ಟೀರಿಯಾಗಳ ಮುಂದೆ ಅದು ನಿಲ್ಲಲೇ ಇಲ್ಲ. ನೀರು ಹಿಂಡುವ ಫಿಲ್ಟರ್ ಪ್ರೆಸ್ಸಿನಿಂದ ಸ್ಲಡ್ಜ್ ಬಂದ ಹಾಗೇ, 80% ನೀರಿರುವಾಗಲೇ ಸಿಂಪಡಿಸಿ ನೋಡಿದೆವು. ಮೇಲೆ ಹಪ್ಪಳದಂಥ ಪದರ, ಬೆರಳಿಟ್ಟರೆ ಕೆಳಗೆ ಕರಿ ಲೋಳೆ.

ಆಮೇಲೆ ಹೊರಗಿನ ಬ್ಯಾಕ್ಟೀರಿಯಾ ಬೇಡವೇ ಬೇಡ ಎಂದು ತೀರ್ಮಾನಿಸಿದೆ. ಯೂರಿಯಾ ಒಡೆಯುವವು ಸ್ಲಡ್ಜಿನಲ್ಲೇ ಇವೆ ಅಲ್ವಾ? ಅದೇ ಸ್ಲಡ್ಜಿನ ನೀರನ್ನು ಡ್ರಮ್ಮಿಗೆ ಹಾಕಿ, ಯೂರಿಯಾ, ಸ್ವಲ್ಪ ಕಾಕಂಬಿ ಸೇರಿಸಿ, ಪಿಹೆಚ್ 9ರ ಹತ್ತಿರ ಇಟ್ಟರೆ ಅವೇ ಮೇಲುಗೈ ಪಡೆಯುತ್ತವೆ. ಕಾಕಂಬಿ ಎಷ್ಟು, ಡ್ರಮ್ಮು ಯಾವಾಗ ತೆಗೆಯಬೇಕು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನಾನು ದುಡ್ಡು ಸುರಿದು ಕಲಿತದ್ದು.

ಸ್ಲಡ್ಜನ್ನು ಬಿಸಿಲಿಗೆ ಹರಡಿ ನೀರಿನ ಅಂಶ ಅರ್ಧಕ್ಕೆ ಇಳಿಸಿ, ಕಾಲು ಭಾಗ ಕ್ವಾರಿ ಡಸ್ಟ್ ಸೇರಿಸಿ, ಟ್ರ್ಯಾಕ್ಟರಿನ ರೋಟವೇಟರ್ ಹೊಡೆಸುತ್ತೇನೆ. ಮೊದಲ ದಿನ ಡ್ರಮ್ಮಿನ ನೀರು. ಮಾರನೇ ದಿನ ಯೂರಿಯಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್, ಮತ್ತೆ ರೋಟವೇಟರ್. ಎಲ್ಲ ಒಟ್ಟಿಗೆ ಸುರಿದರೆ ಸುಣ್ಣದಕಲ್ಲು ಪೈಪಿನ ಬಾಯಲ್ಲೇ ಕಟ್ಟುತ್ತದೆ. ಎರಡು ವಾರದ ಮೇಲೆ ಒಂದು ಹೆಂಟೆ ಒಡೆದರೆ ಒಳಗೆ ತೆಳ್ಳಗೆ ಬಿಳಿ ಗೆರೆ ಕಾಣುತ್ತದೆ, ಆಸಿಡ್ ಹನಿ ಬಿಟ್ಟರೆ ಬುಸ್ ಎಂದು ನೊರೆ ಬರುತ್ತದೆ. ವೇನ್ ಶಿಯರ್, ಅಂದರೆ ರೆಕ್ಕೆಯ ಸಲಾಕೆ ಚುಚ್ಚಿ ತಿರುಗಿಸಿ ಅಳೆಯುವ ಗಟ್ಟಿತನ, ಹತ್ತು ಕಿಲೋಪಾಸ್ಕಲ್ ಇದ್ದದ್ದು ಐವತ್ತು ದಾಟಿತ್ತು.

ಖರ್ಚು ಟನ್ನಿಗೆ ಎಂಟುನೂರರಿಂದ ಸಾವಿರ. ಜಾಸ್ತಿ ತಿನ್ನುವುದು ಯೂರಿಯಾ. ರೈತರ ಬೇವು ಲೇಪಿತ ಯೂರಿಯಾ 45 ಕೆಜಿ ಚೀಲಕ್ಕೆ 266 ರೂಪಾಯಿ ಚಿಲ್ಲರೆ, ಆದರೆ ಅದು ಬೇಸಾಯಕ್ಕೆ ಮಾತ್ರ. ನಮಗೆ ಕಾರ್ಖಾನೆಗಳು ಬಳಸುವ ಟೆಕ್ನಿಕಲ್ ಗ್ರೇಡೇ ಗತಿ, ಅದರ ಬೆಲೆ ಎಷ್ಟೋ ಪಟ್ಟು. ಮಣ್ಣಿಗಿಂತ ಸ್ವಲ್ಪ ದುಬಾರಿಯೇ. ಆದರೆ ಸ್ಲಡ್ಜ್ ಸಾಗಿಸುವ ದುಡ್ಡು ಉಳಿಯುವುದರಿಂದ ಲೆಕ್ಕ ನಮ್ಮ ಪರವೇ.

ನಡುವೆ ಹುರುಳಿಕಾಳನ್ನೂ ನೋಡಿದೆ. ಅದರಲ್ಲೂ ಯೂರಿಯಾ ಒಡೆಯುವ ಕಿಣ್ವ, ಯೂರಿಯೇಸ್, ಚೆನ್ನಾಗಿದೆ. ನೆನೆಸಿ, ರುಬ್ಬಿ, ಸೋಸಿದ ನೀರನ್ನು ಟ್ರೇನಲ್ಲಿ ಹಾಕಿದರೆ ಡ್ರಮ್ಮಿನ ನೀರಿಗಿಂತ ಬೇಗ ಗಟ್ಟಿಯಾಯಿತು. ಕಾಳಿನ ಬೆಲೆಗೆ ಎಕರೆಗಟ್ಟಲೆ ಆಗದ ಮಾತು. ಹುಳ ಬಿದ್ದ ಕಾಳು ಅಗ್ಗಕ್ಕೆ ಸಿಕ್ಕರೆ ಇನ್ನೊಮ್ಮೆ ನೋಡುವೆ.

ಕಸದ ಗುಡ್ಡವನ್ನು ಶಾಶ್ವತವಾಗಿ ಮುಚ್ಚುವ ಕೊನೆಯ ಮುಚ್ಚಿಗೆಗೆ ಇದನ್ನು ಬಳಸಬೇಡಿ. ಅಲ್ಲಿ 60 ಸೆಂ.ಮೀ. ಜೇಡಿ ಪದರಕ್ಕೆ ನೀರು ಇಳಿಯುವ ವೇಗ ಸೆಕೆಂಡಿಗೆ 10⁻⁷ ಸೆಂ.ಮೀ.ಗಿಂತ ಕಡಿಮೆ ಇರಬೇಕು, ನನ್ನದು 10⁻⁶ರ ಆಸುಪಾಸಿಗೇ ನಿಂತಿದೆ. ಯೂರಿಯಾ ಒಡೆದಾಗ ಅಮೋನಿಯಾ ಬರುತ್ತದೆ, ಯೂರಿಯಾ ಜಾಸ್ತಿಯಾದಷ್ಟೂ ಅದು ಲೀಚೇಟ್‌ಗೆ, ಅಂದರೆ ಕಸದಿಂದ ಸೋರುವ ಕೊಳಕು ನೀರಿಗೆ, ಇಳಿಯುವುದೂ ಜಾಸ್ತಿ, ಹಾಗಾಗಿ ಪ್ರತಿ ವಾರ ಲೀಚೇಟ್ ಸ್ಯಾಂಪಲ್ ತೆಗೆಸಿಯೇ ಮುಂದಿನ ಕಂತು ಹಾಕುತ್ತೇನೆ.